ನಿನ್ನೆ ಮಿಂದ ನೀರು

ನ್ಯೂಜೆರ್ಸಿಯಲ್ಲಿರುವ ತಮ್ಮನ ಮನೆ ಹಿತ್ತಲಲ್ಲಿ ಒಂದು ಹಾಟ್ ಟಬ್ ಇದೆ, ಅಂದರೆ ನಾಲ್ಕಾರು ಜನ ಬಿಸಿನೀರಲ್ಲಿ ಕೂರುವ ತೊಟ್ಟಿ. ಅಮ್ಮ ಅದನ್ನು ನೋಡಿ ಕೇಳಿದ ಮೊದಲ ಪ್ರಶ್ನೆ: "ನಿನ್ನೆ ಮಿಂದ ನೀರಲ್ಲೇ ಇವತ್ತೂ ಕೂತ್ಕೊಳ್ತೀರೇನೋ?"

ನಾವು ನಕ್ಕೆವು. ಆದರೆ ಹಾಟ್ ಟಬ್ಬಿನ ತಾಪತ್ರಯವೆಲ್ಲ ಇರೋದೇ ಅಲ್ಲಿ. ನಮ್ಮ ಬಚ್ಚಲ ಹಂಡೆಯ ನೀರು ಮೈಮೇಲೆ ಬಿದ್ದು ಮೋರಿ ಸೇರಿತು ಅಂದರೆ ಅಲ್ಲಿಗೆ ಮುಗೀತು. ಇಲ್ಲಿ 1,500 ಲೀಟರ್ ನೀರು 3-4 ತಿಂಗಳು ಹಾಗೇ ಇರುತ್ತದೆ, ಬೆವರು, ಎಣ್ಣೆ, ಕ್ರೀಮು, ಉದುರಿದ ಚರ್ಮ ಎಲ್ಲವನ್ನೂ ಸೇರಿಸಿಕೊಂಡು. ಅದೂ ಬೆಚ್ಚಗೆ!

ಈ ನೀರನ್ನು ಕಾಯೋದು ಕ್ಲೋರಿನ್. ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಇರಲಿ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) 7ರಿಂದ 7.8ರ ಒಳಗಿರಲಿ ಅನ್ನುತ್ತದೆ ಅಮೆರಿಕ ಸರಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಜನ ಕ್ಲೋರಿನ್ ನೋಡುತ್ತಾರೆ, ಪಿಎಚ್ ಮರೆಯುತ್ತಾರೆ. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ರೋಗಾಣುವನ್ನು ಚುರುಕಾಗಿ ಕೊಲ್ಲೋದು ಹೈಪೋಕ್ಲೋರಸ್ ಆಮ್ಲ ಮಾತ್ರ. ಪಿಎಚ್ 7.5 ಇದ್ದಾಗ ಅದು ಸುಮಾರು ಅರ್ಧದಷ್ಟಿರುತ್ತದೆ, 8.5ಕ್ಕೆ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ತಮಾಷೆ ಏನೆಂದರೆ, ಗುಳುಗುಳು ಅಂತ ಗುಳ್ಳೆ ಎಬ್ಬಿಸುವ ಜೆಟ್ಟುಗಳೇ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡನ್ನು ಓಡಿಸಿ ಪಿಎಚ್ ಏರಿಸುತ್ತವೆ. ಸುಮ್ನೆ ಬಿಟ್ಟರೂ ಅದು ಮೇಲಕ್ಕೇ ಹೋಗುತ್ತದೆ.

ಆವತ್ತು ನಾವು ನಾಲ್ವರು ಕೂತು ಎದ್ದಮೇಲೆ ತಮ್ಮ, ನೀರು ಪರೀಕ್ಷಿಸುವ ಬಣ್ಣದ ಚೌಕಗಳ ಪಟ್ಟಿಯೊಂದನ್ನು ನೀರಲ್ಲಿ ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದ. ಇಳಿಯುವ ಮುಂಚೆ ನೇರಳೆಯಾಗಿದ್ದ ಕ್ಲೋರಿನ್ ಚೌಕ ಈಗ ಹೆಚ್ಚುಕಮ್ಮಿ ಬೆಳ್ಳಗೆ! ಮೂಗಿಗೆ ಮಾತ್ರ ಘಾಟು ಹೊಡೀತಿತ್ತು. ಘಾಟು ಜಾಸ್ತಿ ಇದ್ದರೆ ನೀರು ಶುದ್ಧ ಅಂದುಕೊಳ್ಳುತ್ತೇವೆ, ಅಲ್ವಾ? ಉಲ್ಟಾ. ಅದು ಬೆವರಿನ ಜೊತೆ ಸೇರಿ ಖರ್ಚಾದ ಕ್ಲೋರಿನ್ನಿನ ವಾಸನೆ. ಒಳಗೆ ಇಳಿಯುವ ಮುಂಚೆ ಸೋಪು ಹಚ್ಚಿ ಸ್ನಾನ ಮಾಡಿ ಅನ್ನೋದು ಇದಕ್ಕೇ. ಆಮೇಲೆ ಅವನು ಅಳತೆ ಮಾಡಿ ಪುಡಿ ಹಾಕಿದ. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಎರಡು ಬಗೆಯ ಕ್ಲೋರಿನ್ ಪುಡಿ ಬೆರೆಸಿದರಂತೂ ಬೆಂಕಿಯೇ ಹತ್ತಬಹುದು.

ಇಷ್ಟೆಲ್ಲ ಯಾಕೆ? ಕ್ಲೋರಿನ್ ಇಳಿದರೆ ಪೈಪಿನ ಒಳಗೋಡೆಗೆ ಲೋಳೆ ಕಟ್ಟುತ್ತದೆ, ಅದರೊಳಗೆ ರೋಗಾಣುಗಳು ಆರಾಮಾಗಿರುತ್ತವೆ. ಸೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಆದರೆ ಒಂದೆರಡು ದಿನದಲ್ಲಿ ಮೈಮೇಲೆ ಕೆಂಪು ಗುಳ್ಳೆ, ಅದರಲ್ಲೂ ಈಜುಡುಗೆ ಅಂಟಿಕೊಂಡಿದ್ದ ಕಡೆ. ಲೀಜನೆಲ್ಲಾ ಆದರೆ ನ್ಯುಮೋನಿಯ. ಇದು ಚರ್ಮಕ್ಕಲ್ಲ, ನೀರಿನ ಗುಳ್ಳೆ ಒಡೆದು ಏಳುವ ಸಣ್ಣ ಹನಿಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. 1999ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್‌ಸ್ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆಂದು ಇಟ್ಟಿದ್ದ ಗುಳ್ಳೆ ತೊಟ್ಟಿಯಿಂದ ಇದು ಹಬ್ಬಿ 30ಕ್ಕೂ ಹೆಚ್ಚು ಜನ ಸತ್ತರು. ಅವರು ಮೀಯಲು ಹೋದವರಲ್ಲ, ಹೂವು ನೋಡಲು ಹೋದವರು.

ಇನ್ನು ಬಿಸಿ. 40 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ಮೈಯ ಬಿಸಿ 37, ಸುತ್ತಲ ನೀರು 40 ಅಂದರೆ ಬಿಸಿ ಒಳಕ್ಕೇ ಬರುತ್ತದೆ, ಹೊರಗೆ ಹೋಗಲ್ಲ. ನೀರೊಳಗೆ ಬೆವರಿದರೂ ಆರಲು ಜಾಗ ಎಲ್ಲಿ? ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಎದ್ದು ನಿಂತಾಗ ತಲೆ ಸುತ್ತುತ್ತದೆ. 15 ನಿಮಿಷ ಸಾಕು. ಕೈಯಲ್ಲಿ ಬಿಯರ್ ಹಿಡಿದು ಕೂರೋದು ಫೋಟೋಗೆ ಚಂದ, ಅಷ್ಟೇ. ಕುಡಿದವರು ಅಲ್ಲೇ ತೂಕಡಿಸಿ ಮುಳುಗಿದ್ದುಂಟು. 5 ವರ್ಷದೊಳಗಿನ ಮಕ್ಕಳನ್ನು ಇಳಿಸಲೇಬಾರದು. ಬಸುರಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇಳಿಯಬಾರದು. ಬಳಸದಾಗ ಮುಚ್ಚಳಕ್ಕೆ ಬೀಗ ಇರಲಿ. ತಳದಲ್ಲಿ ನೀರು ಎಳೆಯುವ ತೂತಿನ ಜಾಲರಿ ಒಡೆದಿದ್ದರೆ, ಅದನ್ನು ಬದಲಾಯಿಸುವ ತನಕ ಯಾರೂ ಇಳಿಯಬೇಡಿ, ಕೂದಲು ಸಿಕ್ಕಿಕೊಂಡರೆ ಬಿಡಿಸೋದು ಕಷ್ಟ.

ಆ ಶನಿವಾರ ತಮ್ಮ ನೀರು ಬದಲಾಯಿಸುವವನಿದ್ದ. ಅಷ್ಟೂ ನೀರು ಮೋರಿಗಾ ಅಂತ ಅಮ್ಮನಿಗೆ ಸಂಕಟ. ಪುಡಿ ಹಾಕದೆ ಕೆಲವು ದಿನ ಮುಚ್ಚಳ ತೆಗೆದಿಟ್ಟು, ಮಕ್ಕಳು ಹತ್ತಿರ ಹೋಗದ ಹಾಗೆ ನೋಡಿಕೊಂಡು, ಪಟ್ಟಿಯಲ್ಲಿ ಕ್ಲೋರಿನ್ ಸೊನ್ನೆ ಬಂದಮೇಲೆ ಹುಲ್ಲಿಗೆ ಬಿಡಬಹುದು ಅಂದ ಅವನು. ಅಮ್ಮ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಹೋಗಿ, ತಾವೇ ಪಟ್ಟಿ ಅದ್ದಿ ನೋಡಿ ಬರುತ್ತಿದ್ದರು.