ಅಂಕ ರದ್ದಾಯ್ತು ಅಂತ ಮೇಲ್ ಬಂದರೆ ಮೊದಲು ಗಡಿಯಾರ ನೋಡಿ

ವಿದೇಶದ ವಿಶ್ವವಿದ್ಯಾಲಯ ಸೇರಲು ಬರೆಯುವ ಜಿಆರ್‌ಇ, ಟೋಫೆಲ್ ಪರೀಕ್ಷೆಗಳನ್ನು ಮನೆಯಲ್ಲೇ ಕೂತು ಬರೆಯುವ ಅವಕಾಶ ಬಂದದ್ದು 2020ರಲ್ಲಿ, ಕೋವಿಡ್ ಕಾಲಕ್ಕೆ. ರಾಯಚೂರಿನ ಮಕ್ಕಳಿಗೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವ ಖರ್ಚು ಉಳಿಯಿತು. ಜೊತೆಗೆ ಹೊಸ ತಲೆನೋವೂ ಬಂತು. ಪರೀಕ್ಷೆ ಮುಗಿದ ಮೇಲೆ ‘ನಿಮ್ಮ ಅಂಕ ರದ್ದು’ ಎಂಬ ಮೇಲ್. ಅದನ್ನು ಹಿಡಿದು ನನ್ನ ಕಚೇರಿಗೆ ಬರುವವರು ಮೊದಲು ಹೇಳುವುದು ಒಂದೇ ಮಾತು: “ಸರ್, ನಾನು ಕಾಪಿ ಹೊಡೆದಿಲ್ರೀ.”

ನಂಬುತ್ತೇನೆ. ಆದರೆ ಮೇಲ್ ಸರಿಯಾಗಿ ಓದಿ. ನೀವು ಕಾಪಿ ಹೊಡೆದಿರಿ ಎಂದು ಅದು ಸಾಮಾನ್ಯವಾಗಿ ಹೇಳುವುದೇ ಇಲ್ಲ. ನಿಯಮ ಮುರಿದಿದೆ, ಅಥವಾ ಈ ಅಂಕವನ್ನು ನಂಬಲು ಆಗುತ್ತಿಲ್ಲ, ಅಷ್ಟೇ. ಹಾಗಿರುವಾಗ ನಾಲ್ಕು ಪುಟ ಆಣೆ ಪ್ರಮಾಣ ಬರೆದು ಕಳಿಸಿ ಏನು ಪ್ರಯೋಜನ? ಯಾವ ನಿಮಿಷದಲ್ಲಿ ಏನು ಕಂಡಿತು ಎಂದು ಲಿಖಿತವಾಗಿ ಕೇಳಿ. ಉತ್ತರವನ್ನು ಆ ನಿಮಿಷದ ಬಗ್ಗೆಯೇ ಕೊಡಿ.

ನಿಯಮಗಳು ಒಬ್ಬರಿಗೇ ಒಂದು ಕೋಣೆ ಇರುವ ಮನೆಗೆ ಮಾಡಿದವು. ಒಳಗೆ ಬೇರೆ ಯಾರೂ ಇರಬಾರದು, ಕಿವಿ ಕಾಣುತ್ತಿರಬೇಕು, ಇಯರ್‌ಫೋನ್ ಕೂಡದು. ನಮ್ಮಲ್ಲಿ ಅವ್ವ ಚಹಾ ತರುತ್ತಾಳೆ, ಪಕ್ಕದ ಮದುವೆಯ ಮೈಕ್ ಕೂಗುತ್ತದೆ, ಕರೆಂಟ್ ಹೋಗಿ ರೂಟರ್ ಆರುತ್ತದೆ. ಕ್ಯಾಮೆರಾಗೆ ಇವೆಲ್ಲ ಬೇರೆಯೇ ಅರ್ಥ: ಇನ್ನೊಬ್ಬರ ದನಿ, ಮಾಯವಾದ ಮುಖ, ಕಡಿದ ಸಂಪರ್ಕ. ಯಾವಾಗಲೋ ರಿಪೇರಿಗೆ ಕೊಟ್ಟಾಗ ಅಂಗಡಿಯ ಹುಡುಗ ಹಾಕಿದ ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಿನ್ನೆಲೆಯಲ್ಲಿ ಓಡುತ್ತಿದ್ದರಂತೂ ಅನುಮಾನ ಜಾಸ್ತಿ.

ಕರೆಂಟ್ ಹೋಗಿತ್ತು ಎನ್ನುವುದಾದರೆ ವಿದ್ಯುತ್ ಕಂಪನಿ ಜೆಸ್ಕಾಂನ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಪತ್ರ ತಗೊಳ್ಳಿ. ಆರ್‌ಟಿಐ ದಾರಿ ಹಿಡಿದರೆ ಉತ್ತರಕ್ಕೆ 30 ದಿನ, ಅಷ್ಟರಲ್ಲಿ ನಿಮ್ಮ ಮೇಲ್ಮನವಿಯ ಗಡುವು ಮುಗಿದಿರುತ್ತದೆ. ಇಂಟರ್ನೆಟ್ ಕೊಡುವವರಿಂದ ಆ ದಿನದ ದಾಖಲೆ, ಕ್ಯಾಮೆರಾದಲ್ಲಿ ಪರೀಕ್ಷೆ ಕಾಯುವ ಮೇಲ್ವಿಚಾರಕರ ಜೊತೆಗಿನ ಚಾಟ್, ಹಿಂದಿನ ಅಭ್ಯಾಸ ಪರೀಕ್ಷೆಗಳ ಅಂಕ ಎಲ್ಲವೂ ಬೇಕು. ಲ್ಯಾಪ್‌ಟಾಪ್ ಮಾತ್ರ ಫಾರ್ಮ್ಯಾಟ್ ಮಾಡಬೇಡಿ. ಮತ್ತೆ, ಪರೀಕ್ಷಾ ಕಂಪನಿಯ ದಾಖಲೆಯ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ, ಇರಬಹುದು. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ 14:10 ಎಂದರೆ ಇಲ್ಲಿ ಸಂಜೆ 7:40. ಇದನ್ನು ಬಿಡಿಸಿ ಬರೆಯದಿದ್ದರೆ ಜೆಸ್ಕಾಂ ಪತ್ರವೇ ಸುಳ್ಳೆಂದು ಓದುವವರಿಗೆ ಅನಿಸೀತು.

ಪುರಾವೆ ಕೊಟ್ಟರೆ ನೋಡುತ್ತಾರಾ? ನೋಡಲೇಬೇಕು ಎಂದ ತೀರ್ಪೊಂದಿದೆ. ಬ್ರಯಾನ್ ಡಾಲ್ಟನ್ ಎಂಬ ಅಮೆರಿಕದ ವಿದ್ಯಾರ್ಥಿಯ ಎಸ್‌ಎಟಿ (ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ) ಅಂಕ ಎರಡನೇ ಸಲಕ್ಕೆ 410 ಏರಿತ್ತು. ಕೈಬರಹ ಹೊಂದುತ್ತಿಲ್ಲ, ಬೇರೆ ಯಾರೋ ಬರೆದಿದ್ದಾರೆ ಎಂದು ಇಟಿಎಸ್ ಶಂಕಿಸಿತು. ಜಿಆರ್‌ಇ, ಟೋಫೆಲ್ ನಡೆಸುವ ಸಂಸ್ಥೆಯೇ ಇದು. ಮೊದಲ ಸಲ ಕಾಯಿಲೆ ಇತ್ತು, ಆಮೇಲೆ ಕೋಚಿಂಗ್ ತಗೊಂಡೆ, ಪರೀಕ್ಷಾ ಕೋಣೆಯಲ್ಲಿ ನನ್ನನ್ನು ನೋಡಿದವರಿದ್ದಾರೆ ಎಂದು ಅವನು ದಾಖಲೆ ಕೊಟ್ಟ. ಒಪ್ಪಂದದ ಪ್ರಕಾರ ಆ ದಾಖಲೆಗಳನ್ನು ಪ್ರಾಮಾಣಿಕವಾಗಿ ಪರಿಶೀಲಿಸಬೇಕಿತ್ತು, ಸಂಸ್ಥೆ ಪರಿಶೀಲಿಸಲಿಲ್ಲ ಎಂದು 1995ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ಕೋರ್ಟ್ ಹೇಳಿತು. ಆದರೆ ಅಂಕ ಬಿಡುಗಡೆ ಮಾಡಿ ಎನ್ನಲಿಲ್ಲ, ಸರಿಯಾಗಿ ಪರಿಶೀಲಿಸಿ ಎಂದಿತು. ಅದು ಅಮೆರಿಕದ ತೀರ್ಪು, ನಮ್ಮ ಕೋರ್ಟನ್ನು ಕಟ್ಟಿಹಾಕದು. ಆದರೂ ಮೇಲ್ಮನವಿಯಲ್ಲಿ ನಾನು ಕೇಳುವುದು ಇದನ್ನೇ: ನಾವು ಕೊಟ್ಟ ಪ್ರತಿಯೊಂದು ಕಾಗದಕ್ಕೂ ಉತ್ತರ.

ಗ್ರಾಹಕರ ಆಯೋಗಕ್ಕೆ ಹೋಗೋಣವೇ ಎನ್ನುತ್ತಾರೆ ತಂದೆತಾಯಿ. 2019ರ ಕಾಯ್ದೆಯಂತೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಆದರೆ ಪರೀಕ್ಷಾ ಮಂಡಳಿಗೆ ಪರೀಕ್ಷಾರ್ಥಿ ಗ್ರಾಹಕನಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಬಿಹಾರದ ಶಾಲಾ ಮಂಡಳಿಯ ಪ್ರಕರಣದಲ್ಲಿ ಹೇಳಿದೆ. ಖಾಸಗಿ ಕಂಪನಿಗೆ ಅದು ಅನ್ವಯಿಸದು ಎಂದು ವಾದಿಸಬಹುದು, ಎದುರಿನ ವಕೀಲರು ಸುಮ್ನೆ ಬಿಡುತ್ತಾರಾ? ಕಳೆದುಕೊಂಡ ಶುಲ್ಕಕ್ಕೆ ಆ ದಾರಿ ಇರಲಿ. ಈ ವರ್ಷದ ಸೀಟಿಗೆ ಅದರಿಂದ ಉಪಯೋಗವಿಲ್ಲ.

ಸೀಟಿಗಾಗಿ ಅಂದೇ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಮೇಲ್ ಮಾಡಿ, ಅಂಕ ಮೇಲ್ಮನವಿಯಲ್ಲಿದೆ ಎಂದು ತಿಳಿಸಿ. ನಿಷೇಧ ಹೇರಿಲ್ಲದಿದ್ದರೆ ಮರುಪರೀಕ್ಷೆ ಕಾಯ್ದಿರಿಸಿ, ಈ ಸಲ ಕೇಂದ್ರದಲ್ಲೇ. ಜಿಆರ್‌ಇ ಮತ್ತೆ ಬರೆಯಲು 21 ದಿನದ ಅಂತರ ಬೇಕು. ಕಂಪನಿಯೇ ಉಚಿತ ಮರುಪರೀಕ್ಷೆ ಕೊಡುತ್ತೇವೆ ಎಂದರೆ, ಒಪ್ಪಿಕೊಂಡರೆ ಮೇಲ್ಮನವಿ ಮುಗಿದಂತಾಗುತ್ತದೆಯೇ ಎಂದು ಮೊದಲು ಬರಹದಲ್ಲಿ ಕೇಳಿ. ಆಮೇಲೆ ಬಟನ್ ಒತ್ತಿ.