ರಾಷ್ಟ್ರಧ್ವಜದ ಬಣ್ಣಗಳಿಗೆ ಅಧಿಕೃತ ಅರ್ಥ ಯಾವುದು?

ಪ್ರಶ್ನೆ: ಕೇಸರಿ ಎಂದರೆ ತ್ಯಾಗ ಎಂದು ಒಂದು ಪುಸ್ತಕದಲ್ಲಿದ್ದರೆ ಧೈರ್ಯ ಎಂದು ಇನ್ನೊಂದರಲ್ಲಿದೆ. ಹಸಿರನ್ನು ಕೆಲವರು ಸಮೃದ್ಧಿ ಎನ್ನುತ್ತಾರೆ, ಕೆಲವರು ಒಂದು ಸಮುದಾಯದ ಬಣ್ಣ ಎನ್ನುತ್ತಾರೆ. ಚಕ್ರದ 24 ಅರಗಳಿಗೆ ಒಂದೊಂದು ಸದ್ಗುಣದ ಹೆಸರಿಟ್ಟ ಪಟ್ಟಿ ಆಗಸ್ಟ್ ಬಂತೆಂದರೆ ಮೊಬೈಲಿನಲ್ಲಿ ಹರಿದಾಡುತ್ತದೆ. ಇವುಗಳಲ್ಲಿ ಅಧಿಕೃತವಾದದ್ದು ಯಾವುದು?

ಉತ್ತರ: ಧ್ವಜವನ್ನು ಅಂಗೀಕರಿಸಿದ ನಿರ್ಣಯವನ್ನೇ ಆಧಾರವಾಗಿ ಇಟ್ಟುಕೊಂಡರೆ, ಬಣ್ಣಗಳ ಮಟ್ಟಿಗೆ ಯಾವುದೂ ಅಲ್ಲ. 1947ರ ಜುಲೈ 22ರಂದು ಜವಾಹರಲಾಲ್ ನೆಹರೂ ಸಂವಿಧಾನ ರಚನಾ ಸಭೆಯಲ್ಲಿ ಮಂಡಿಸಿದ ಆ ನಿರ್ಣಯ ಬಹಳ ಚಿಕ್ಕದು. ಕಡು ಕೇಸರಿ, ಬಿಳಿ, ಕಡು ಹಸಿರು ಬಣ್ಣದ ಸಮ ಅಗಲದ ಮೂರು ಅಡ್ಡ ಪಟ್ಟಿಗಳಿರಬೇಕು, ಬಿಳಿ ಪಟ್ಟಿಯ ನಡುವೆ ಚರಕವನ್ನು ಪ್ರತಿನಿಧಿಸುವ ಕಡುನೀಲಿ ಚಕ್ರವಿರಬೇಕು, ಆ ಚಕ್ರದ ವಿನ್ಯಾಸ ಸಾರನಾಥದ ಅಶೋಕಸ್ತಂಭದ ಸಿಂಹಶಿರದ ಪೀಠದಲ್ಲಿರುವ ಚಕ್ರದ್ದಾಗಿರಬೇಕು, ಅದರ ವ್ಯಾಸ ಹೆಚ್ಚುಕಡಿಮೆ ಬಿಳಿ ಪಟ್ಟಿಯ ಅಗಲದಷ್ಟಿರಬೇಕು, ಧ್ವಜದ ಅಗಲ ಮತ್ತು ಉದ್ದ ಸಾಮಾನ್ಯವಾಗಿ 2:3ರ ಪ್ರಮಾಣದಲ್ಲಿರಬೇಕು ಎಂಬಲ್ಲಿಗೆ ನಿರ್ಣಯ ಮುಗಿಯುತ್ತದೆ. ಕೇಸರಿ ಏನನ್ನು ಸೂಚಿಸುತ್ತದೆ, ಹಸಿರು ಏನನ್ನು ಸೂಚಿಸುತ್ತದೆ ಎಂಬ ಒಂದು ಮಾತೂ ಅದರಲ್ಲಿಲ್ಲ. 24 ಎಂಬ ಸಂಖ್ಯೆಯೂ ಇಲ್ಲ. ಸಾರನಾಥದ ಚಕ್ರಕ್ಕೆ ಅಷ್ಟು ಅರಗಳಿರುವುದರಿಂದ ಧ್ವಜಕ್ಕೂ ಅಷ್ಟೇ ಬಂದವು. ಮೊಬೈಲಿನ ಪಟ್ಟಿಯನ್ನು ಯಾರೋ ಸದುದ್ದೇಶದಿಂದ ಮಾಡಿರಬಹುದು, ಆದರೆ ನಿರ್ಣಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಪಠ್ಯಪುಸ್ತಕದ ಅರ್ಥಗಳು ಬಂದದ್ದೆಲ್ಲಿಂದ? ಮುಖ್ಯವಾಗಿ ಎರಡು ಮೂಲಗಳಿಂದ, ಮತ್ತು ಆ ಎರಡನ್ನೂ ಕಲಸಿದ್ದರಿಂದಲೇ ಇಂದಿನ ಗೊಂದಲ ಹುಟ್ಟಿದೆ. ಮೊದಲ ಮೂಲವನ್ನು ತಿಳಿಯಬೇಕಾದರೆ 1921ಕ್ಕೆ ಹೋಗಬೇಕು. ಆ ವರ್ಷ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ಕೆಂಪು ಮತ್ತು ಹಸಿರು ಬಣ್ಣದ ಒಂದು ಧ್ವಜದ ಮಾದರಿಯನ್ನು ಕೊಟ್ಟರು. ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ ಎಂಬುದು ಆಗಿನ ಕಲ್ಪನೆ. ಉಳಿದ ಸಮುದಾಯಗಳಿಗಾಗಿ ಬಿಳಿ ಸೇರಬೇಕೆಂದು ಗಾಂಧೀಜಿ ಹೇಳಿದರು. ಚರಕದ ಸಲಹೆ ಜಲಂಧರದ ಲಾಲಾ ಹಂಸರಾಜರದ್ದು. ಆಗ ಬಳಕೆಗೆ ಬಂದ ಧ್ವಜದಲ್ಲಿ ಬಿಳಿ ಮೇಲಿತ್ತು, ಹಸಿರು ನಡುವಿತ್ತು, ಕೆಂಪು ಕೆಳಗಿತ್ತು. ಇಂದಿನ ಕಣ್ಣಿಗೆ ಅದು ನಮ್ಮ ಧ್ವಜವೆಂದು ಥಟ್ಟನೆ ಅನಿಸುವುದೇ ಇಲ್ಲ.

ಬಣ್ಣವನ್ನು ಸಮುದಾಯಕ್ಕೆ ಹಂಚಿದ ಮೇಲೆ ಆಗಬೇಕಾದದ್ದೇ ಆಯಿತು. ತಮಗೂ ಒಂದು ಬಣ್ಣ ಬೇಕೆಂದು ಸಿಖ್ಖರು ಕೇಳಿದರು. ಅವರ ಬೇಡಿಕೆ ನ್ಯಾಯವಾದದ್ದೇ, ಆದರೆ ಆ ದಾರಿಯಲ್ಲಿ ಹೋದರೆ ಧ್ವಜ ಎಲ್ಲಿಗೆ ಮುಟ್ಟುತ್ತದೆ ಎಂಬುದು ಎಲ್ಲರಿಗೂ ಅರಿವಾಗಿತ್ತು. 1931ರಲ್ಲಿ ಕಾಂಗ್ರೆಸ್ ನೇಮಿಸಿದ ಏಳು ಜನರ ಸಮಿತಿ, ಅದರಲ್ಲಿ ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರರೂ ಇದ್ದರು, ಇಡೀ ಧ್ವಜ ಕೇಸರಿಯಾಗಿರಲಿ, ಅದರ ಮೇಲೊಂದು ಚರಕವಿರಲಿ ಎಂದು ಸಲಹೆ ಮಾಡಿತು. ಕಾಂಗ್ರೆಸ್ ಸಮಿತಿ ಅದನ್ನು ಒಪ್ಪಲಿಲ್ಲ. ಅದೇ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಕೇಸರಿ, ಬಿಳಿ, ಹಸಿರು ಎಂಬ ಕ್ರಮ ಗಟ್ಟಿಯಾಯಿತು, ಮತ್ತು ಈ ಬಣ್ಣಗಳಿಗೆ ಮತೀಯ ಅರ್ಥವಿಲ್ಲವೆಂದು ಸ್ಪಷ್ಟವಾಗಿ ಸಾರಲಾಯಿತು. ಕೇಸರಿ ಧೈರ್ಯ ಮತ್ತು ತ್ಯಾಗ, ಬಿಳಿ ಶಾಂತಿ ಮತ್ತು ಸತ್ಯ, ಹಸಿರು ಶ್ರದ್ಧೆ, ಚರಕ ಜನಸಾಮಾನ್ಯರ ಭರವಸೆ ಎಂಬ ವಿವರಣೆ ಹುಟ್ಟಿದ್ದು ಆಗ. ಅದು ಒಂದು ಪಕ್ಷ ತನ್ನ ಧ್ವಜಕ್ಕೆ ಕೊಟ್ಟುಕೊಂಡ ಅರ್ಥ. ದೇಶದ ಧ್ವಜ ಬರಲು ಇನ್ನೂ ಹದಿನಾರು ವರ್ಷಗಳಿದ್ದವು.

ಎರಡನೆಯ ಮೂಲ 1947ರ ಚರ್ಚೆಯಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಮಾಡಿದ ಭಾಷಣ. ಕೇಸರಿ ನಾಯಕರ ನಿಸ್ವಾರ್ಥಕ್ಕೆ, ಬಿಳಿ ಸತ್ಯದ ದಾರಿಯ ಬೆಳಕಿಗೆ, ಹಸಿರು ಮಣ್ಣಿನೊಂದಿಗೂ ಸಸ್ಯಗಳೊಂದಿಗೂ ನಮಗಿರುವ ನಂಟಿಗೆ, ಚಕ್ರ ಧರ್ಮಕ್ಕೆ ಮತ್ತು ಚಲನೆಗೆ ಸಂಕೇತವೆಂದು ಅವರು ವಿವರಿಸಿದರು. ಸುಂದರವಾದ ಭಾಷಣ, ಸಂಶಯವಿಲ್ಲ. ಆದರೆ ಅದು ಒಬ್ಬ ಸದಸ್ಯರ ವ್ಯಾಖ್ಯಾನವಾಗಿತ್ತೇ ಹೊರತು ಸಭೆ ಅಂಗೀಕರಿಸಿದ ಪಠ್ಯವಾಗಿರಲಿಲ್ಲ. ಅದೇ ಚರ್ಚೆಯಲ್ಲಿ ಮಾತನಾಡಿದ ಜೈಪಾಲ್ ಸಿಂಗ್ ಆದಿವಾಸಿಗಳ ಪರವಾಗಿ ಬೇರೆಯದೇ ಸಂಗತಿಯನ್ನು ಎತ್ತಿದರು: ಧ್ವಜ ಹಾರಿಸುವುದೂ ಧ್ವಜಕ್ಕಾಗಿ ಹೋರಾಡುವುದೂ ಆದಿವಾಸಿಗಳಿಗೆ ಹೊಸದಲ್ಲ, ಅವರ ಒಂದೊಂದು ಹಳ್ಳಿಗೂ ಬೇರೆಯವರು ಬಳಸುವಂತಿಲ್ಲದ ತನ್ನದೇ ಧ್ವಜವಿದೆ ಎಂದರು. ಒಂದೇ ಬಟ್ಟೆಯ ಮುಂದೆ ಕುಳಿತವರು ಅದರಲ್ಲಿ ಕಂಡದ್ದು ಒಂದೇ ಆಗಿರಲಿಲ್ಲ. ನಿರ್ಣಯ ಬಣ್ಣಗಳ ವಿಷಯದಲ್ಲಿ ಮೌನವಾಗಿದ್ದುದರಿಂದಲೇ ಅವರೆಲ್ಲರೂ ಅದಕ್ಕೆ ಒಪ್ಪಿಗೆ ಕೊಡಲು ಸಾಧ್ಯವಾಯಿತೆಂದು ನನಗನಿಸುತ್ತದೆ.

ಚರಕದ ಜಾಗಕ್ಕೆ ಚಕ್ರ ಬಂದದ್ದಕ್ಕೆ ನೆಹರೂ ಕೊಟ್ಟ ಕಾರಣ ತೀರ ವ್ಯಾವಹಾರಿಕವಾದದ್ದು. ಪೂರ್ಣ ಚರಕದಲ್ಲಿ ಗಾಲಿ ಒಂದು ಕಡೆ, ಕದಿರು ಇನ್ನೊಂದು ಕಡೆ ಇರುವುದರಿಂದ ಧ್ವಜದ ಹಿಂಬದಿಯಲ್ಲಿ ಚಿತ್ರ ತಿರುವುಮುರುವಾಗಿ ಕಾಣುತ್ತದೆ. ಗಾಲಿಯೊಂದೇ ಇದ್ದರೆ ಎರಡೂ ಬದಿ ಒಂದೇ ಆಗುತ್ತದೆ. ಗಾಂಧೀಜಿಗೆ ಇದು ಸಮಾಧಾನ ತರಲಿಲ್ಲ. ಚರಕವಿಲ್ಲದ ಧ್ವಜಕ್ಕೆ ತಾವು ವಂದಿಸಲಾರೆ ಎನ್ನುವವರೆಗೆ ಅವರ ಬೇಸರ ಹೋಗಿತ್ತು. ಚಕ್ರ ಚರಕವನ್ನೇ ಪ್ರತಿನಿಧಿಸುತ್ತದೆ ಎಂದು ನಿರ್ಣಯ ಹೇಳಿದ್ದರೂ ಇಂದು ಅದನ್ನು ನೋಡಿ ಚರಕವನ್ನು ನೆನೆಯುವವರು ವಿರಳ. ನಿರ್ಣಯ ಬಾಯಿಬಿಟ್ಟು ಹೇಳಿದ ಏಕೈಕ ಅರ್ಥವೇ ಜನರ ಮನಸ್ಸಿನಿಂದ ಜಾರಿಹೋಗಿದೆ.

ಜನರಿಗೆ ಈ ಧ್ವಜ ಏನಾಗಿತ್ತು ಎಂಬುದು ಬಣ್ಣಗಳ ವಿವರಣೆಗಿಂತ ಅದನ್ನು ನಿಷೇಧಿಸಿದ ಜಾಗಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. 1923ರಲ್ಲಿ ನಾಗಪುರದಲ್ಲಿ ಧ್ವಜ ಹಿಡಿದು ಮೆರವಣಿಗೆ ಹೋಗುವುದನ್ನು ಸರ್ಕಾರ ತಡೆದಾಗ ದೇಶದ ನಾನಾ ಭಾಗಗಳಿಂದ ಜನ ಹೋಗಿ ಸೆರೆಯಾದರು. ಹರ್ಡೀಕರರೂ ಸ್ವಯಂಸೇವಕರೊಡನೆ ಹೋಗಿ ಜೈಲು ಸೇರಿದರು. ಅಲ್ಲಿ ಎದುರಿಗಿದ್ದದ್ದು ಬ್ರಿಟಿಷ್ ಆಡಳಿತ. ಮೈಸೂರು ಸಂಸ್ಥಾನದಲ್ಲಿ ಲೆಕ್ಕಾಚಾರವೇ ಬೇರೆಯಿತ್ತು. ಇಲ್ಲಿ ಸಿಂಹಾಸನದಲ್ಲಿದ್ದವರು ಮಹಾರಾಜರು, ಸಂಸ್ಥಾನಕ್ಕೆ ತನ್ನದೇ ಧ್ವಜವಿತ್ತು, ಮತ್ತು ಅನೇಕ ಪ್ರಜೆಗಳಿಗೆ ಅರಸರ ಮೇಲೆ ನಿಜವಾದ ಪ್ರೀತಿಯೂ ಇತ್ತು. ಆದ್ದರಿಂದ 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದವರು ನಿಷೇಧವನ್ನು ಮೀರಿ ತ್ರಿವರ್ಣವನ್ನು ಏರಿಸಿದಾಗ ಅದರ ಅರ್ಥ ಅರಸರು ಹೋಗಲಿ ಎಂದಲ್ಲ, ಜವಾಬ್ದಾರಿ ಸರ್ಕಾರ ಬರಲಿ ಎಂದು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಆ ಸುದ್ದಿ ದೇಶವನ್ನೆಲ್ಲ ಮುಟ್ಟಿದ ಮೇಲೆ ವಲ್ಲಭಭಾಯಿ ಪಟೇಲರು ಬಂದು ದಿವಾನ ಮಿರ್ಜಾ ಇಸ್ಮಾಯಿಲ್ಲರೊಂದಿಗೆ ಮಾತುಕತೆ ನಡೆಸಿ, ಧ್ವಜದ ವಿಷಯವೂ ಸೇರಿದಂತೆ ಒಂದು ಒಪ್ಪಂದಕ್ಕೆ ಬಂದರು. ನಾಗಪುರದಲ್ಲೂ ಶಿವಪುರದಲ್ಲೂ ಹಾರಿದ್ದು ಕಾಂಗ್ರೆಸ್ಸಿನ ಧ್ವಜವೇ. ಅದು ಕೇಳಿದ್ದು ಮಾತ್ರ ಒಂದೇ ಅಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಸಾಮಾನ್ಯ ನಾಗರಿಕರು ವರ್ಷದ ಎಲ್ಲ ದಿನಗಳಲ್ಲಿ ಧ್ವಜ ಹಾರಿಸುವಂತಿರಲಿಲ್ಲ ಎಂಬುದು ಈಗಿನ ತಲೆಮಾರಿಗೆ ವಿಚಿತ್ರವಾಗಿ ಕಾಣಬಹುದು. 2002ರ ಜನವರಿ 26ರಂದು ಹೊಸ ಧ್ವಜಸಂಹಿತೆ ಜಾರಿಯಾದ ಮೇಲೆ ಆ ನಿರ್ಬಂಧ ಸಡಿಲವಾಯಿತು. ಗೌರವದಿಂದ ಧ್ವಜ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ, ನವೀನ್ ಜಿಂದಾಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು.

ಬಟ್ಟೆಯ ಬಗ್ಗೆಯೂ ಓದುಗರು ಆಗಾಗ ಕೇಳುವುದರಿಂದ ಅದನ್ನೂ ಸೇರಿಸುತ್ತೇನೆ. ಬಹುಕಾಲ ಧ್ವಜ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದ್ದೇ ಆಗಿರಬೇಕಿತ್ತು. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಇಂದಿಗೂ ಅಂಥ ಧ್ವಜಗಳು ತಯಾರಾಗುತ್ತವೆ. ಚಕ್ರವನ್ನು ಬಟ್ಟೆಯ ಎರಡೂ ಬದಿಗೆ ಮುದ್ರಿಸುವಾಗ ಒಂದರ ಹಿಂದೆ ಇನ್ನೊಂದು ಕರಾರುವಾಕ್ಕಾಗಿ ಕೂರಬೇಕು, ಕೊಂಚ ಸರಿದರೂ ನೆರಳಿನಂತೆ ಎರಡೆರಡು ಅರಗಳು ಕಾಣುತ್ತವೆ. ನೆಹರೂ ಸಲೀಸೆಂದು ಆರಿಸಿದ ಚಕ್ರ ಮುದ್ರಿಸುವವರಿಗೆ ಅಷ್ಟೇನೂ ಸಲೀಸಲ್ಲ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅನುಮತಿ ಸಿಕ್ಕಿತು. ಇದರಿಂದ ಖಾದಿಯವರಿಗೆ ಹೊಡೆತ ಬಿದ್ದಿದೆ ಎಂಬ ದೂರಿನಲ್ಲಿ ಹುರುಳಿದೆ, ಏಕೆಂದರೆ ನೂಲುವ ಕೈಗಳ ದುಡಿಮೆ ಆ ಧ್ವಜದ ಅರ್ಥದಲ್ಲೇ ಸೇರಿತ್ತು. ಆದರೆ ರಾಷ್ಟ್ರಧ್ವಜ ಮೊದಲ ದಿನದಿಂದಲೂ ಖಾದಿಯೊಂದರಲ್ಲೇ ಇತ್ತು ಎನ್ನುವುದು ಪೂರ್ತಿ ಸರಿಯಲ್ಲ: ಜುಲೈ 22ರಂದು ನೆಹರೂ ಸಭೆಯ ಮುಂದಿಟ್ಟ ಧ್ವಜಗಳು ಎರಡು, ಒಂದು ಹತ್ತಿಯ ಖಾದಿಯದು, ಅವರ ಕೈಯಲ್ಲಿದ್ದ ಇನ್ನೊಂದು ರೇಷ್ಮೆಯದು.