ದೆವ್ವಕ್ಕೆ ಪರದೇಶದ ವಿಳಾಸ: ಭಯಾನಕ ಚಿತ್ರಗಳ ರಾಜಕೀಯ ಮತ್ತು ಸೆನ್ಸಾರಿನ ಚರಿತ್ರೆ

1968ರಲ್ಲಿ ಸ್ಪೇನಿನಲ್ಲಿ ಒಂದು ತೋಳಮಾನವನ ಚಿತ್ರ ತೆರೆಗೆ ಬಂತು. ಕಥೆ ಬರೆದು, ತೋಳಮಾನವನ ಪಾತ್ರವನ್ನೂ ಮಾಡಿದ ಪಾಲ್ ನಾಶಿ ಮೊದಲು ಕಲ್ಪಿಸಿಕೊಂಡದ್ದು ಉತ್ತರ ಸ್ಪೇನಿನ ಆಸ್ತುರಿಯಾಸ್ ಪ್ರಾಂತ್ಯದ ಒಬ್ಬ ಮನುಷ್ಯನನ್ನು. ಆಗ ಸ್ಪೇನನ್ನು ಆಳುತ್ತಿದ್ದ ಸರ್ವಾಧಿಕಾರಿ ಜನರಲ್ ಫ್ರಾಂಕೊನ ಸೆನ್ಸಾರ್ ಅಧಿಕಾರಿಗಳು ಅದಕ್ಕೆ ಒಪ್ಪಲಿಲ್ಲ. ತೋಳವಾಗುವವನು ಸ್ಪೇನಿನವನಾಗಿರಕೂಡದು ಎಂಬುದು ಅವರ ಆಕ್ಷೇಪ. ಹೀಗಾಗಿ ಆ ಪಾತ್ರ ಪೋಲೆಂಡಿನ ವಾಲ್ಡೆಮಾರ್ ದಾನಿನ್ಸ್ಕಿ ಆಯಿತು. ಕೊಲೆ ಉಳಿಯಿತು, ರಕ್ತ ಉಳಿಯಿತು, ಹುಣ್ಣಿಮೆಯ ಉನ್ಮಾದವೂ ಉಳಿಯಿತು. ಪೌರತ್ವ ಒಂದು ಬದಲಾಯಿತು.

ಸೆನ್ಸಾರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕತ್ತರಿ. ಆದರೆ ಭಯಾನಕ ಚಿತ್ರಗಳ ನೂರು ವರ್ಷಗಳ ಚರಿತ್ರೆಯನ್ನು ಹಿಂಬಾಲಿಸಿದರೆ ಕತ್ತರಿಯ ಜೊತೆಗೇ ಸೂಜಿದಾರವೂ ಕಾಣಸಿಗುತ್ತದೆ. ಅಧಿಕಾರಕ್ಕೆ ಇರಿಸುಮುರಿಸು ತರುವ ಕಥೆಗೆ ಒಂದು ಮುನ್ನುಡಿ, ಸಮಾಧಾನ ಹೇಳುವ ಒಂದು ಮುಕ್ತಾಯ, ಒಂದು ಪರದೇಶದ ಹೆಸರನ್ನು ಸೇರಿಸಿ ಹೊಲಿಯಲಾಗುತ್ತದೆ. ಕೇಡು ಇಲ್ಲಿಯದಲ್ಲ, ಈಗಿನದಲ್ಲ, ಎಲ್ಲವೂ ಹತೋಟಿಯಲ್ಲಿದೆ ಎಂದು ಪ್ರೇಕ್ಷಕನಿಗೆ ಭರವಸೆ ಕೊಡುವುದೇ ಈ ಹೊಲಿಗೆಯ ಕೆಲಸ. ರಕ್ತದ ದೃಶ್ಯಗಳನ್ನು ಕತ್ತರಿಸಿದ್ದಕ್ಕಿಂತ ಈ ಸೇರಿಕೆಗಳೇ ಹೆಚ್ಚು ಹಾನಿ ಮಾಡಿವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ವಾದದ ಮೊದಲ ಸಾಕ್ಷಿಯಾಗಿ ಬಹಳ ಕಾಲ ಹೆಸರಿಸಲಾಗುತ್ತಿದ್ದ ಚಿತ್ರ, 1920ರಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ‘ಡಾಕ್ಟರ್ ಕ್ಯಾಲಿಗರಿಯ ಕ್ಯಾಬಿನೆಟ್’. ನಿದ್ರೆಯಲ್ಲಿರುವ ಯುವಕನನ್ನು ವಶಮಾಡಿಕೊಂಡು ಅವನಿಂದ ಕೊಲೆ ಮಾಡಿಸುವ ವೈದ್ಯನ ಕಥೆ ಅದು. ಮೊದಲ ಮಹಾಯುದ್ಧ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಲಕ್ಷಾಂತರ ಯುವಕರನ್ನು ಕೊಲ್ಲಲು ಕಳುಹಿಸಿದ ಪ್ರಭುತ್ವವನ್ನೇ ಆ ವೈದ್ಯನಲ್ಲಿ ಚಿತ್ರಿಸಿದೆವು ಎಂದು ಲೇಖಕರಲ್ಲೊಬ್ಬರಾದ ಹಾನ್ಸ್ ಯಾನೊವಿಟ್ಸ್ ಮುಂದೆ ಹೇಳಿದರು. ಆದರೆ ತೆರೆಯ ಮೇಲೆ ಇಡೀ ಕಥೆ ಒಬ್ಬ ಮನೋರೋಗಿಯ ಭ್ರಮೆ ಎಂದು ಮುಗಿಯುತ್ತದೆ. ವೈದ್ಯ ಒಳ್ಳೆಯವನೇ ಆಗಿಬಿಡುತ್ತಾನೆ. ಚಿತ್ರ ವಿಮರ್ಶಕ ಸೀಗ್‌ಫ್ರೀಡ್ ಕ್ರಕಾವರ್ 1947ರ ತಮ್ಮ ಗ್ರಂಥದಲ್ಲಿ ಇದನ್ನು ಬಂಡಾಯದ ಕಥೆಗೆ ಮಾಡಿದ ದ್ರೋಹವೆಂದು ಕರೆದರು. ಆಮೇಲೆ ಮೂಲ ಚಿತ್ರಕಥೆಯ ಪ್ರತಿಯೊಂದು ಸಿಕ್ಕಿತು, ಅದರಲ್ಲಿ ಬೇರೆ ರೀತಿಯದಾದರೂ ಒಂದು ಚೌಕಟ್ಟಿನ ಕಥೆ ಇತ್ತು. ಆದ್ದರಿಂದ ಕ್ರಕಾವರ್ ಹೇಳಿದ್ದನ್ನು ಪೂರ್ತಿ ಒಪ್ಪುವಂತಿಲ್ಲ. ಆದರೂ ಭ್ರಮೆ ಎಂಬ ಹೊದಿಕೆ ಎಷ್ಟು ಅನುಕೂಲದ್ದು ಎಂಬುದನ್ನು ಚಿತ್ರೋದ್ಯಮ ಅಲ್ಲಿಂದಲೇ ಕಲಿತುಕೊಂಡಿತು.

1933ರಲ್ಲಿ ನಾಜಿಗಳು ಹೊದಿಕೆಯ ತಂಟೆಗೇ ಹೋಗಲಿಲ್ಲ. ಹುಚ್ಚಾಸ್ಪತ್ರೆಯ ಕೋಣೆಯಲ್ಲಿ ಕೂತು ಅಪರಾಧದ ಸಾಮ್ರಾಜ್ಯಕ್ಕೆ ಆಜ್ಞೆಗಳನ್ನು ಬರೆಯುವ ಪಾತಕಿಯ ಕುರಿತ ಫ್ರಿಟ್ಸ್ ಲಾಂಗ್ ಅವರ ‘ಡಾಕ್ಟರ್ ಮಾಬುಝೆಯ ಉಯಿಲು’ ಚಿತ್ರವನ್ನು ನಾಜಿ ಪ್ರಚಾರ ಸಚಿವ ಗೊಬೆಲ್ಸ್ ಮಾರ್ಚ್ ತಿಂಗಳಲ್ಲೇ ನಿಷೇಧಿಸಿದ. ಕೊಟ್ಟ ಕಾರಣ ಸಾರ್ವಜನಿಕ ಸುವ್ಯವಸ್ಥೆ. ಜರ್ಮನ್ ನಿರ್ದೇಶಕನ ಜರ್ಮನ್ ಚಿತ್ರ ಮೊದಲು ಪ್ರದರ್ಶನ ಕಂಡದ್ದು ಹಂಗೆರಿಯ ಬುಡಾಪೆಸ್ಟ್‌ನಲ್ಲಿ.

ಅಮೆರಿಕದಲ್ಲಿ ಕತ್ತರಿ ಹಲವರ ಕೈಯಲ್ಲಿತ್ತು. ಸಿನಿಮಾ ಒಂದು ವ್ಯಾಪಾರ, ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1915ರಲ್ಲೇ ಹೇಳಿತ್ತು. ಆ ನಿಲುವು ಬದಲಾದದ್ದು 1952ರಲ್ಲಿ. ಈ ನಡುವಿನ ಕಾಲದಲ್ಲಿ ರಾಜ್ಯಗಳ ಸೆನ್ಸಾರ್ ಮಂಡಳಿಗಳೂ, 1934ರಿಂದ ಬಿಗಿಯಾಗಿ ಜಾರಿಯಾದ ಉದ್ಯಮದ್ದೇ ಹೇಸ್ ಸಂಹಿತೆಯೂ ಚಿತ್ರಗಳನ್ನು ತಿದ್ದಿದವು. 1931ರ ‘ಫ್ರಾಂಕೆನ್‌ಸ್ಟೈನ್’ ಇದರ ಪ್ರಸಿದ್ಧ ಬಲಿಪಶು. ಕೆರೆಯ ದಡದಲ್ಲಿ ಪುಟ್ಟ ಹುಡುಗಿಯೊಬ್ಬಳು ಹೂಗಳನ್ನು ನೀರಿಗೆ ಎಸೆದು ಆಡುತ್ತಿರುತ್ತಾಳೆ. ಅವಳೂ ಹೂವಿನಂತೆ ತೇಲುತ್ತಾಳೆ ಎಂದು ನಂಬಿದ ದೈತ್ಯ ಅವಳನ್ನು ಎತ್ತಿ ನೀರಿಗೆ ಹಾಕುತ್ತಾನೆ. ಮುಳುಗಿದ್ದನ್ನು ಕಂಡು ಕಂಗಾಲಾಗುತ್ತಾನೆ. ಸೆನ್ಸಾರು ಈ ಭಾಗವನ್ನು ತೆಗೆದಾಗ ಉಳಿದದ್ದು ಹುಡುಗಿಯತ್ತ ಚಾಚಿದ ಎರಡು ಕೈಗಳು, ಆಮೇಲೆ ಶವವನ್ನು ಎತ್ತಿಕೊಂಡು ಬೀದಿಯಲ್ಲಿ ನಡೆಯುವ ತಂದೆ. ನಡುವೆ ಏನಾಯಿತೆಂಬುದನ್ನು ಪ್ರೇಕ್ಷಕ ತಾನೇ ಊಹಿಸಬೇಕಾಯಿತು, ಆ ಊಹೆ ಮೂಲ ದೃಶ್ಯಕ್ಕಿಂತ ಎಷ್ಟೋ ಪಾಲು ಘೋರ. ಮುಗ್ಧ ಜೀವಿಯೊಂದನ್ನು ಕತ್ತರಿ ಕ್ರೂರಿಯನ್ನಾಗಿ ಮಾಡಿತು.

ಆ ಖಾಲಿ ಜಾಗ ನಾಲ್ಕು ದಶಕಗಳ ಅನಂತರ ಇನ್ನೊಂದು ಮಹತ್ವದ ಚಿತ್ರವನ್ನು ಹುಟ್ಟಿಸಿತು. ವಿಕ್ಟರ್ ಎರೀಸೆ 1973ರಲ್ಲಿ, ಫ್ರಾಂಕೊ ಇನ್ನೂ ಬದುಕಿರುವಾಗಲೇ, ‘ಜೇನುಗೂಡಿನ ಚೇತನ’ ಎಂಬ ಚಿತ್ರ ಮಾಡಿದರು. ಸ್ಪೇನಿನ ಅಂತರ್ಯುದ್ಧ ಮುಗಿದ ಮಾರನೆಯ ವರ್ಷ, 1940ರಲ್ಲಿ, ಒಂದು ಹಳ್ಳಿಗೆ ಅದೇ ‘ಫ್ರಾಂಕೆನ್‌ಸ್ಟೈನ್’ ಬರುತ್ತದೆ. ಕತ್ತರಿಸಿದ ಪ್ರತಿಯನ್ನು ನೋಡಿದ ಆನಾ ಎಂಬ ಹುಡುಗಿ ಅಕ್ಕನನ್ನು ಕೇಳುತ್ತಾಳೆ: ಅವನು ಅವಳನ್ನು ಏಕೆ ಕೊಂದ, ಆಮೇಲೆ ಅವನನ್ನು ಏಕೆ ಕೊಂದರು? ಆ ಊರಿನಲ್ಲಿ ಈ ಪ್ರಶ್ನೆಗೆ ಯಾವ ಹಿರಿಯರೂ ಉತ್ತರ ಕೊಡುವವರಲ್ಲ. ಊರಾಚೆಯ ಪಾಳು ಕೊಟ್ಟಿಗೆಯಲ್ಲಿ ಅಡಗಿದ ಒಬ್ಬ ಪಲಾಯಿತನಿಗೆ ಆನಾ ತಿನ್ನಲು ಕೊಡುತ್ತಾಳೆ, ರಾತ್ರೋರಾತ್ರಿ ಅವನನ್ನು ಗುಂಡಿಟ್ಟು ಕೊಲ್ಲಲಾಗುತ್ತದೆ. ಒಂದು ಸೆನ್ಸಾರು ಬಿಟ್ಟುಹೋದ ಬಿರುಕಿನಿಂದಲೇ ಇನ್ನೊಂದು ಸೆನ್ಸಾರಿನ ಕಣ್ಣು ತಪ್ಪಿಸಿ ಮಾತಾಡಿದ ಇಂಥ ಉದಾಹರಣೆ ನನಗೆ ತಿಳಿದಂತೆ ಸಿನಿಮಾ ಚರಿತ್ರೆಯಲ್ಲಿ ಮತ್ತೊಂದಿಲ್ಲ.

ಇನ್ನು ಅಣು ಪರೀಕ್ಷೆಯಿಂದಾಗಿ ಸಮುದ್ರದಿಂದ ಎದ್ದು ಬರುವ ದೈತ್ಯ ಪ್ರಾಣಿಯ ಕುರಿತ ಜಪಾನಿನ ‘ಗಾಡ್ಜಿಲ್ಲ’. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಜಲಜನಕ ಬಾಂಬನ್ನು ಪರೀಕ್ಷಿಸಿತು. ಅದರ ವಿಕಿರಣದ ಬೂದಿ ‘ಲಕ್ಕಿ ಡ್ರ್ಯಾಗನ್ 5’ ಎಂಬ ಜಪಾನಿ ಮೀನುಗಾರಿಕಾ ದೋಣಿಯ 23 ಮಂದಿಯ ಮೇಲೆ ಸುರಿಯಿತು. ಅವರಲ್ಲಿ ರೇಡಿಯೊ ನಿರ್ವಾಹಕ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನವೆಂಬರ್‌ನಲ್ಲಿ ಇಶಿರೊ ಹೋಂಡಾ ಅವರ ಚಿತ್ರ ಬಂತು, ಅದು ಆರಂಭವಾಗುವುದೇ ಸಮುದ್ರದಲ್ಲಿ ಬೆಂಕಿಗೆ ಸಿಕ್ಕ ದೋಣಿಯಿಂದ. ಅಮೆರಿಕದ ಸೇನಾಡಳಿತವಿದ್ದ 1952ರವರೆಗೆ ಹಿರೋಶಿಮಾ, ನಾಗಸಾಕಿಗಳ ಬಗ್ಗೆ ಬಿಚ್ಚುಮನಸ್ಸಿನಿಂದ ಬರೆಯುವುದಕ್ಕೇ ನಿರ್ಬಂಧವಿತ್ತು ಎಂಬುದನ್ನು ನೆನಪಿಟ್ಟುಕೊಂಡು ಈ ಚಿತ್ರವನ್ನು ನೋಡಬೇಕು. ನಾಗಸಾಕಿಯಿಂದ ಪಾರಾಗಿ ಬಂದ ಮಹಿಳೆ ರೈಲಿನಲ್ಲಿ ಗೊಣಗುತ್ತಾಳೆ. ಸಂಸತ್ತಿನಲ್ಲಿ ಸತ್ಯ ಹೇಳಬೇಕೋ ಬಚ್ಚಿಡಬೇಕೋ ಎಂದು ಜಗಳ ನಡೆಯುತ್ತದೆ. ಅಣು ಪರೀಕ್ಷೆ ಮುಂದುವರಿದರೆ ಇಂಥದ್ದೇ ಮತ್ತೊಂದು ಎದ್ದು ಬರಬಹುದು ಎಂದು ಮುದಿ ವಿಜ್ಞಾನಿ ಕೊನೆಯಲ್ಲಿ ಎಚ್ಚರಿಸುತ್ತಾನೆ.

1956ರಲ್ಲಿ ಅಮೆರಿಕನ್ನರು ಕಂಡ ಗಾಡ್ಜಿಲ್ಲ ಬೇರೆಯೇ. ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನ ಪಾತ್ರದಲ್ಲಿ ಹೊಸದಾಗಿ ಚಿತ್ರೀಕರಿಸಿ ನಡುನಡುವೆ ಸೇರಿಸಲಾಯಿತು. ರೈಲಿನ ಮಾತು ಹೋಯಿತು, ಮುದಿ ವಿಜ್ಞಾನಿಯ ಎಚ್ಚರಿಕೆ ಹೋಯಿತು, ಜಗತ್ತು ಮತ್ತೆ ಬದುಕಬಹುದು ಎಂಬ ನೆಮ್ಮದಿಯ ಮಾತಿನಿಂದ ಚಿತ್ರ ಮುಗಿಯಿತು. ಯಾವ ಸರ್ಕಾರಿ ಅಧಿಕಾರಿಯೂ ಆದೇಶ ಕೊಟ್ಟಿರಲಿಲ್ಲ. ವಿತರಕರ ವ್ಯಾಪಾರಬುದ್ಧಿಯೇ ಸೆನ್ಸಾರಿನ ಕೆಲಸವನ್ನು ಮಾಡಿ ಮುಗಿಸಿತು. ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾದದ್ದು 2004ರಲ್ಲಿ. ಅದೇ 1956ರಲ್ಲಿ ಡಾನ್ ಸೀಗಲ್ ಅವರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ ಚಿತ್ರಕ್ಕೂ ನಿರ್ಮಾಣ ಸಂಸ್ಥೆ ಒಂದು ಚೌಕಟ್ಟನ್ನು ಹೊಲಿಯಿತು. ಹೆದ್ದಾರಿಯಲ್ಲಿ ನಿಂತು ಕೂಗುವ ನಾಯಕನ ದೃಶ್ಯಕ್ಕೆ ಮುಗಿಯಬೇಕಿದ್ದ ಚಿತ್ರ, ಎಫ್‌ಬಿಐಗೆ ಕರೆ ಹೋಗುವ ಭರವಸೆಯಲ್ಲಿ ಮುಗಿಯಿತು.

1968ಕ್ಕೆ ಬರೋಣ. ಪೆನ್ಸಿಲ್ವೇನಿಯಾದ ಹೊಲಮನೆಯೊಂದರಲ್ಲಿ ಅತಿ ಕಡಿಮೆ ಹಣದಲ್ಲಿ ಜಾರ್ಜ್ ರೊಮೆರೊ ಮಾಡಿದ ಕಪ್ಪುಬಿಳುಪು ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಅಕ್ಟೋಬರ್‌ನಲ್ಲಿ ಬಂತು. ವಯಸ್ಸಿನ ವರ್ಗೀಕರಣ ಪದ್ಧತಿ ಅಲ್ಲಿ ಜಾರಿಯಾದದ್ದು ನವೆಂಬರ್‌ನಲ್ಲಿ. ಕತ್ತರಿ ಇಲ್ಲದ ಆ ಸಣ್ಣ ಸಂದಿಯಲ್ಲಿ ಚಿತ್ರ ನುಸುಳಿತು. ರಾತ್ರಿಯಿಡೀ ಶವಗಳ ಹಿಂಡನ್ನು ಎದುರಿಸಿ ಬದುಕಿ ಉಳಿದ ಕಪ್ಪು ನಾಯಕನನ್ನು ಬೆಳಗ್ಗೆ ಬಂದೂಕು ಹಿಡಿದ ಬಿಳಿಯರ ತಂಡ ಕೊಲ್ಲುತ್ತದೆ, ಮಾಂಸದ ಕೊಕ್ಕೆಗಳಿಂದ ಎಳೆದು ಸೌದೆಯ ರಾಶಿಗೆ ಹಾಕುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಆರೇ ತಿಂಗಳಾಗಿತ್ತು. ಆ ನಾಯಕನ ಪಾತ್ರಕ್ಕೆ ಡುವೇನ್ ಜೋನ್ಸ್ ಅವರನ್ನು ಆರಿಸಿದ್ದು ಚೆನ್ನಾಗಿ ನಟಿಸಿದ್ದರಿಂದ ಎಂದು ರೊಮೆರೊ ಹೇಳಿದ್ದಾರೆ. ಆದರೆ ಸ್ಥಿರಚಿತ್ರಗಳಾಗಿ ಬರುವ ಆ ಕೊನೆಯ ದೃಶ್ಯಗಳು, ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದ ಘಟನೆಗಳ ಛಾಯಾಚಿತ್ರಗಳನ್ನೇ ನೆನಪಿಸುತ್ತವೆಂಬುದು ಅಂದಿನ ಯಾವ ಪ್ರೇಕ್ಷಕನಿಗೂ ಅಸ್ಪಷ್ಟವಾಗಿರಲಿಲ್ಲ. ಸಮಾಧಾನ ಹೇಳುವ ಹೊಲಿಗೆ ಇಲ್ಲದಿದ್ದರೆ ಈ ಪ್ರಕಾರಕ್ಕೆ ಎಷ್ಟು ಶಕ್ತಿ ಇದೆ ಎಂಬುದನ್ನು ಈ ಒಂದು ಚಿತ್ರ ತೋರಿಸಿತು.

ಅದೇ ಹೊತ್ತಿಗೆ ಚೆಕೊಸ್ಲೊವಾಕಿಯದ ಪ್ರಾಗ್‌ನಲ್ಲಿ ಯುರಾಯ್ ಹೆರ್ಟ್ಸ್ ‘ಶವದಹಕ’ ಚಿತ್ರವನ್ನು ತೆಗೆಯುತ್ತಿದ್ದರು. ಈ ಲೇಖನದ ಚಿತ್ರಗಳಲ್ಲಿ ಒಂದನ್ನೇ ನೋಡಲು ಸಮಯವಿರುವವರಿಗೆ ನಾನು ಹೇಳುವುದು ಇದನ್ನೇ. ಕೋಪ್‌ಫರ್ಕಿಂಗಲ್ ಎಂಬ ಸುಡುಗಾಡಿನ ನೌಕರ ಸಿಗರೇಟು ಮುಟ್ಟದವನು, ಸಂಗೀತಪ್ರೇಮಿ, ಮಾತು ಬೆಣ್ಣೆ. ದೇಹವನ್ನು ಸುಟ್ಟರೆ ಆತ್ಮಕ್ಕೆ ಬಿಡುಗಡೆ ಎಂದು ನಂಬಿದವನು. ನಾಜಿಗಳು ಬರುತ್ತಿದ್ದಂತೆ, ನಿನ್ನಲ್ಲಿ ಜರ್ಮನ್ ರಕ್ತವಿದೆ ಎಂದು ಹಳೆಯ ಗೆಳೆಯ ಕಿವಿಯೂದುತ್ತಾನೆ. ಹೆಂಡತಿಯಲ್ಲಿ ಯಹೂದಿ ರಕ್ತವಿದೆ. ಅವಳ ತಲೆಗೂದಲನ್ನು ನೇವರಿಸಿದ ಕೈಯಿಂದಲೇ ಅವಳನ್ನು ಕೊಲ್ಲುವಷ್ಟು ದೂರ ಆ ಸಭ್ಯ ಮನುಷ್ಯ ಒಂದು ಮಾತನ್ನೂ ಎತ್ತರಿಸದೆ ನಡೆದುಬಿಡುತ್ತಾನೆ. ಬಾಲ್ಯದಲ್ಲಿ ನಾಜಿ ಶಿಬಿರಗಳಿಂದ ಬದುಕಿ ಬಂದ ಹೆರ್ಟ್ಸ್‌ಗೆ ಈ ಸಭ್ಯತೆಯ ಪರಿಚಯವಿತ್ತು. 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ದೇಶದೊಳಕ್ಕೆ ಬಂದು ಚಿತ್ರೀಕರಣ ನಿಂತಿತು. ಮತ್ತೆ ಶುರುವಾದಾಗ, ಆ ಹೊಸ ಸೈನ್ಯವನ್ನೂ ತೋರಿಸಿ, ಕೋಪ್‌ಫರ್ಕಿಂಗಲ್‌ನ ನಗುಮುಖ ಈಗಲೂ ಇಲ್ಲೇ ಇದೆ ಎಂಬ ಮುಕ್ತಾಯವನ್ನು ಚಿತ್ರೀಕರಿಸಿದ್ದಾಗಿ ಹೆರ್ಟ್ಸ್ ಹೇಳಿಕೊಂಡಿದ್ದಾರೆ. ಅದು ತೆರೆಯವರೆಗೆ ಬರಲಿಲ್ಲ. 1969ರಲ್ಲಿ ಬಿಡುಗಡೆಯಾದ ಚಿತ್ರವನ್ನೂ ಆಮೇಲೆ ಹಿಂದಕ್ಕೆ ಪಡೆಯಲಾಯಿತು, ಕಮ್ಯುನಿಸ್ಟ್ ಆಳ್ವಿಕೆಯನ್ನು ಕೊನೆಗೊಳಿಸಿದ 1989ರ ಕ್ರಾಂತಿಯವರೆಗೆ ಅದು ಕಪಾಟಿನಲ್ಲೇ ಇತ್ತು. ಬೈದದ್ದು ನಾಜಿಗಳನ್ನು, ಕಮ್ಯುನಿಸ್ಟ್ ಸರ್ಕಾರ ಆ ಕನ್ನಡಿಯಲ್ಲಿ ಕಂಡದ್ದು ತನ್ನನ್ನು.

ಬ್ರೆಜಿಲ್‌ನ ಜೊಸೆ ಮೊಜಿಕಾ ಮರಿನ್ಸ್ ಅವರದ್ದು ಇನ್ನೂ ಕ್ರೂರ ಹೊಲಿಗೆಯ ಕಥೆ. ಕಪ್ಪು ಟೋಪಿ, ಉದ್ದುಗುರಿನ ಅವರ ‘ಜೆ ದೊ ಕೈಶಾವ್’ ದೇವರನ್ನೂ ಚರ್ಚನ್ನೂ ಧಿಕ್ಕರಿಸುವ ಹೆಣಹೂಳುವವನು. 1964ರಲ್ಲಿ ಸೇನೆ ಅಧಿಕಾರ ಹಿಡಿದ ವರ್ಷವೇ ಮೊದಲ ಚಿತ್ರ ಬಂತು. 1967ರ ಎರಡನೆಯ ಚಿತ್ರದ ಕೊನೆಯಲ್ಲಿ, ಸಾಯುವ ಮುನ್ನ ಈ ನಾಸ್ತಿಕ ದೇವರನ್ನು ಒಪ್ಪಿಕೊಳ್ಳುವಂತೆ ಸೆನ್ಸಾರು ಮಾಡಿಸಿತು. ಮಾದಕವಸ್ತು ಮತ್ತು ಅಧಿಕಾರದ ಕುರಿತ 1970ರ ಚಿತ್ರವನ್ನಂತೂ ನೇರವಾಗಿ ನಿಷೇಧಿಸಲಾಯಿತು.

ಬ್ರಿಟನ್ನಿನಲ್ಲಿ ಗೊಂದಲ ಎದ್ದದ್ದು ವಿಡಿಯೊ ಕ್ಯಾಸೆಟ್ಟುಗಳಿಂದ. 1980ರ ದಶಕದ ಆರಂಭದಲ್ಲಿ ಪೊಲೀಸರು ಅಂಗಡಿಗಳಿಂದ ಕ್ಯಾಸೆಟ್ಟುಗಳನ್ನು ಹೊತ್ತೊಯ್ದರು, 72 ಚಿತ್ರಗಳ ಪಟ್ಟಿ ತಯಾರಾಯಿತು, 1984ರಲ್ಲಿ ವಿಡಿಯೊಗಳನ್ನೂ ಸೆನ್ಸಾರಿಗೆ ಒಳಪಡಿಸುವ ಕಾನೂನೇ ಬಂತು. ಆ ಪಟ್ಟಿಯಲ್ಲಿ ಕಸವೂ ಇತ್ತು, ಆಂದ್ರ್ಜೇಯ್ ಜುವಾವ್ಸ್ಕಿ ಅವರು ವಿಭಜಿತ ಬರ್ಲಿನ್‌ನ ಗೋಡೆಯ ಪಕ್ಕದಲ್ಲಿ ಚಿತ್ರಿಸಿದ ‘ಪೊಸೆಷನ್’ ಕೂಡ ಇತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರಿಗೆ ಕಂಡದ್ದು ರಕ್ತ ಮಾತ್ರ.

ಪ್ರಾಮಾಣಿಕವಾಗಿ ಎದುರಿಸಬೇಕಾದ ಪ್ರಶ್ನೆಯೊಂದಿದೆ: ರಾಜಕೀಯ ರೂಪಕ ಎಂದುಬಿಟ್ಟರೆ ಏನನ್ನಾದರೂ ತೋರಿಸಬಹುದೇ? 2010ರ ‘ಎ ಸರ್ಬಿಯನ್ ಫಿಲ್ಮ್’ ತನ್ನ ದೇಶದ ಆಳುವವರು ಪ್ರಜೆಗಳ ಮೇಲೆ ಮಾಡಿದ ಅತ್ಯಾಚಾರದ ರೂಪಕವೆಂದು ಅದರ ನಿರ್ದೇಶಕರು ವಾದಿಸಿದರು. ಬ್ರಿಟಿಷ್ ಮಂಡಳಿ 49 ಕಡೆ ಕತ್ತರಿ ಹಾಕಿತು, ಹಲವು ದೇಶಗಳು ತಡೆದವು. ಮಕ್ಕಳ ಮೇಲಿನ ಹಿಂಸೆಯನ್ನು ಅಷ್ಟು ಬಿಡಿಸಿ ತೋರಿಸಲು ರೂಪಕ ಪರವಾನಗಿಯಾಗದು ಎಂದೇ ನಾನು ನಂಬುತ್ತೇನೆ. ಹಾಗೆಂದು ಅದನ್ನು ತೋರಿಸಿದ ಸಿಟ್ಜೆಸ್ ಚಿತ್ರೋತ್ಸವದ ನಿರ್ದೇಶಕರ ಮೇಲೆಯೇ ಸ್ಪೇನ್ ಮೊಕದ್ದಮೆ ಹೂಡಹೊರಟದ್ದನ್ನು ಒಪ್ಪಲಾಗದು.

ಇಂದು ಕತ್ತರಿಗೆ ಹೊಸ ಹಿಡಿಕೆಗಳಿವೆ. ಚೀನಾದಲ್ಲಿ ಮೂಢನಂಬಿಕೆಯನ್ನು ಹರಡಬಾರದೆಂಬ ನಿಯಮದಿಂದಾಗಿ ದೆವ್ವದ ಕಥೆ ಬಹಳ ಸಲ ಕನಸು ಅಥವಾ ಮನೋರೋಗ ಎಂದು ಮುಗಿಯಬೇಕಾಗುತ್ತದೆ. 1920ರ ಬರ್ಲಿನ್‌ನ ಅದೇ ಹೊದಿಕೆ. ಅಮೆರಿಕದಲ್ಲಿ ಶ್ರೀಮಂತ ಉದಾರವಾದಿಗಳು ತಮ್ಮ ರಾಜಕೀಯ ವಿರೋಧಿಗಳಾದ ಸಂಪ್ರದಾಯವಾದಿಗಳನ್ನು ಬೇಟೆಯಾಡುವ ‘ದಿ ಹಂಟ್’ ಚಿತ್ರದ ಬಿಡುಗಡೆಯನ್ನು 2019ರ ಆಗಸ್ಟ್‌ನಲ್ಲಿ, ಗುಂಡಿನ ದಾಳಿಗಳು ಮತ್ತು ಅಧ್ಯಕ್ಷರ ಟೀಕೆಯ ನಡುವೆ, ನಿರ್ಮಾಣ ಸಂಸ್ಥೆಯೇ ಹಿಂದೆಗೆದುಕೊಂಡಿತು. ಚಿತ್ರ ಬಂದದ್ದು ಮುಂದಿನ ಮಾರ್ಚ್‌ನಲ್ಲಿ.

ಇನ್ನೊಂದು ದೀರ್ಘ ಹೋರಾಟ ಥಾಯ್ಲೆಂಡಿನದು. ಇಂಗ್ ಕೆ ಎಂಬ ನಿರ್ದೇಶಕಿ ಮ್ಯಾಕ್‌ಬೆತ್ ನಾಟಕವನ್ನು ಆಧರಿಸಿ ‘ಶೇಕ್ಸ್‌ಪಿಯರ್ ಸಾಯಲೇಬೇಕು’ ಎಂಬ ಭಯಾನಕ ಚಿತ್ರ ಮಾಡಿದರು. ನಾಟಕ ತಂಡವೊಂದು ರಕ್ತಪಿಪಾಸು ರಾಜನ ಕಥೆಯನ್ನು ಆಡುತ್ತಿದೆ, ರಂಗಮಂದಿರದ ಹೊರಗೆ ಅಂಥದ್ದೇ ಒಬ್ಬ ನಾಯಕ ದೇಶವಾಳುತ್ತಿದ್ದಾನೆ. ಪ್ರಧಾನಿಯಾಗಿದ್ದು ಪದಚ್ಯುತಗೊಂಡಿದ್ದ ಥಾಕ್ಸಿನ್ ಶಿನವಾತ್ರರ ನೆರಳು ಆ ನಾಯಕನಲ್ಲಿ ಹಲವರಿಗೆ ಕಂಡಿತು. 1976ರಲ್ಲಿ ತಮ್ಮಸಾತ್ ವಿಶ್ವವಿದ್ಯಾಲಯದಲ್ಲಿ ನಡೆದ ವಿದ್ಯಾರ್ಥಿಗಳ ಹತ್ಯಾಕಾಂಡವನ್ನು ನೆನಪಿಸುವ ದೃಶ್ಯವೂ ಇತ್ತು. ಚಿತ್ರಕ್ಕೆ ಹಣದ ನೆರವು ಕೊಟ್ಟಿದ್ದು ಸಂಸ್ಕೃತಿ ಸಚಿವಾಲಯ. 2012ರ ಏಪ್ರಿಲ್‌ನಲ್ಲಿ, ಥಾಕ್ಸಿನ್‌ರ ತಂಗಿ ಪ್ರಧಾನಿಯಾಗಿದ್ದಾಗ, ಜನರ ನಡುವೆ ಒಡಕು ಮೂಡಿಸುತ್ತದೆಂಬ ಕಾರಣಕ್ಕೆ ಚಿತ್ರವನ್ನು ನಿಷೇಧಿಸಲಾಯಿತು. ನಿರ್ದೇಶಕಿ ಈ ಹೋರಾಟವನ್ನೇ ಸಾಕ್ಷ್ಯಚಿತ್ರವಾಗಿಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು, 2017ರಲ್ಲಿ ಸೋತರು, ಮೇಲ್ಮನವಿ ಸಲ್ಲಿಸಿದರು. ನಡುವೆ 2014ರಲ್ಲಿ ಸೇನೆ ಕ್ಷಿಪ್ರಕ್ರಾಂತಿ ನಡೆಸಿತು. ಸರ್ವೋಚ್ಚ ಆಡಳಿತ ನ್ಯಾಯಾಲಯ ನಿಷೇಧವನ್ನು ರದ್ದುಮಾಡಿದ್ದು 2024ರ ಫೆಬ್ರುವರಿಯಲ್ಲಿ. ಅದೇ ತಿಂಗಳು, ಹಿಂದಿನ ವರ್ಷ ದೇಶಕ್ಕೆ ಮರಳಿದ್ದ ಥಾಕ್ಸಿನ್ ಪೆರೋಲಿನ ಮೇಲೆ ಬಿಡುಗಡೆಯಾದರು. ವಿಡಂಬನೆ ಹೊತ್ತಿಗೆ ಸರಿಯಾಗಿ ತಲುಪಬೇಕಾದ ಕಲೆ. ಇಲ್ಲಿ ಹನ್ನೆರಡು ವರ್ಷಗಳ ವಿಳಂಬವೇ ಶಿಕ್ಷೆಯಾಯಿತು. ಅಷ್ಟಾದರೂ ಆ ಚಿತ್ರ ಒಂದು ಹೆಸರನ್ನೂ ಬದಲಿಸದೆ, ಯಾರೂ ಬರೆದುಕೊಟ್ಟ ಮುಕ್ತಾಯವನ್ನು ಅಂಟಿಸಿಕೊಳ್ಳದೆ, 2024ರ ಜೂನ್‌ನಲ್ಲಿ ಥಾಯ್ ಪ್ರೇಕ್ಷಕರ ಮುಂದೆ ಬಂತು.